ಕರಕಿಯ ಅಲರ್ಜಿ: ಗಂಗಾವತಿಯಿಂದ ಹುಬ್ಬಳ್ಳಿಗೆ ಮೂರು ವರ್ಷ ಓಡಾಡಿದ್ದು

ಹೋದ ತಿಂಗಳು ಮಗನಿಗೆ ಅಲರ್ಜಿಯ ಕೊನೆಯ ಇಂಜೆಕ್ಷನ್ ಆಯಿತು. ಮೊದಲನೆಯದು ಹಾಕಿಸುವಾಗ ಅವನಿಗೆ ಒಂಬತ್ತು ವರ್ಷ, ಈಗ ಹನ್ನೆರಡು. ನಡುವೆ 54 ಸಲ ಅವನ ತೋಳಿಗೆ ಸೂಜಿ ಹೋಗಿದೆ. ತಾರೀಖು, ಡೋಸು, ಎಡಗೈಯೋ ಬಲಗೈಯೋ ಎಲ್ಲವನ್ನೂ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವಳು, ವೈದ್ಯಕೀಯ ಓದಿದವಳಲ್ಲ. ಆದರೆ ಈ ದಾರಿ ಹಿಡಿಯುವ ಮೊದಲು ಯಾರಾದರೂ ಕೂತು ನಾಲ್ಕು ಮಾತು ಹೇಳಿದ್ದರೆ ಎಷ್ಟೋ ರೂಪಾಯಿ, ಎಷ್ಟೋ ರಾತ್ರಿ, ಮನೆಯೊಳಗಿನ ಎಷ್ಟೋ ಕಣ್ಣೀರು ಉಳಿಯುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮಗನಿಗೆ ಆರನೇ ವರ್ಷದಿಂದಲೂ ನೆಗಡಿ. ಗಣಪತಿ ಹಬ್ಬದ ಹೊತ್ತಿಗೆ ಶುರುವಾದರೆ ದೀಪಾವಳಿ ದಾಟುವವರೆಗೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹತ್ತು, ಹನ್ನೆರಡು ಸೀನು. ಕಣ್ಣು ಉಜ್ಜಿ ಉಜ್ಜಿ ಕೆಂಪು. ಅಂಗೈಯಿಂದ ಮೂಗನ್ನು ಕೆಳಗಿನಿಂದ ಮೇಲಕ್ಕೆ ತಿಕ್ಕುವುದು ಎಷ್ಟು ಅಭ್ಯಾಸವಾಗಿತ್ತೆಂದರೆ ಮೂಗಿನ ಮೇಲೆ ಅಡ್ಡಕ್ಕೆ ಒಂದು ಗೆರೆಯೇ ಬಿದ್ದಿತ್ತು. ತೋರಿಸಿದಾಗಲೆಲ್ಲ ಆಂಟಿಬಯಾಟಿಕ್ ಸಿರಪ್ಪು, ಐದು ದಿನ. ಎರಡು ವರ್ಷದಲ್ಲಿ ಹನ್ನೊಂದು ಕೋರ್ಸ್ ಆಗಿತ್ತು ಎಂದು ಆಮೇಲೆ ಚೀಟಿಗಳನ್ನು ಜೋಡಿಸಿ ಎಣಿಸಿದಾಗ ಗೊತ್ತಾಯಿತು. ಅವನಿಗೆ ಜ್ವರ ಇರುತ್ತಿರಲಿಲ್ಲ, ಸಿಂಬಳ ನೀರಿನ ಹಾಗೆ ತಿಳಿಯಾಗಿರುತ್ತಿತ್ತು, ಮೂಗು ಕಣ್ಣು ಎರಡೂ ಕಡಿಯುತ್ತಿದ್ದವು. ಸೋಂಕಿನ ನೆಗಡಿ ಹೀಗೆ ಎರಡು ತಿಂಗಳು ಎಳೆಯುವುದಿಲ್ಲ. ನಿಮ್ಮ ಮಗುವಿಗೂ ಹೀಗೇ ಇದ್ದರೆ ಅದು ಪ್ರತಿ ವರ್ಷ ಯಾವ ತಿಂಗಳು ಬರುತ್ತದೆ, ಯಾವ ಜಾಗದಲ್ಲಿ ಹೆಚ್ಚಾಗುತ್ತದೆ ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತ ಬನ್ನಿ. ಮುಂದೆ ಡಾಕ್ಟರು ಮೊದಲು ಕೇಳುವುದು ಅದನ್ನೇ.

2022ರ ಜನವರಿ ಮೊದಲ ವಾರ ಎಳ್ಳಮಾವಾಸ್ಯೆ. ಚರಗ ಚೆಲ್ಲಲು ಯಲಬುರ್ಗಾ ಕಡೆಯ ನನ್ನ ತವರಿಗೆ ಹೋಗಿದ್ದೆವು. ನಮ್ಮ ಗಂಗಾವತಿ ಸೀಮೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ, ಎಲ್ಲಿ ನೋಡಿದರೂ ನೆಲ್ಲು. ತವರು ಎರೆಭೂಮಿ, ಆಳೆತ್ತರದ ಬಿಳಿಜೋಳ. ಆ ದಿನ ತೆನೆಗಳು ಹೂವಾಡುತ್ತಿದ್ದವು. ನಡುವೆ ಕೈ ಹಾಕಿಕೊಂಡು ಹೋದರೆ ತೋಳಿಗೆಲ್ಲ ಹಳದಿ ಹಿಟ್ಟು ಅಂಟುತ್ತಿತ್ತು. ಮಕ್ಕಳು ಸಾಲಿನೊಳಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಊಟಕ್ಕೆ ಕರೆದಾಗ ಮಗ ಹೊರಗೆ ಬಂದವನು ಮಾತಾಡಲಿಲ್ಲ, ಎರಡೂ ಕೈ ಮೊಣಕಾಲ ಮೇಲೆ ಊರಿ ನಿಂತ. ಎದೆಯಿಂದ ಸಿಳ್ಳೆಯ ಸದ್ದು ಬರುತ್ತಿತ್ತು. ನಮ್ಮಣ್ಣ ಬೈಕಿನಲ್ಲಿ ಅವನನ್ನು ನಡುವೆ ಕೂರಿಸಿಕೊಂಡು ಹೊರಟ. ಹಿಂದೆ ನಾನು. ಆಸ್ಪತ್ರೆ ಮುಟ್ಟಿ ನೆಬ್ಯುಲೈಸರ್ ಹಚ್ಚುವವರೆಗಿನ ಆ ಮುಕ್ಕಾಲು ಗಂಟೆ ಅವನ ಬೆನ್ನಿನ ಮೇಲಿಟ್ಟ ನನ್ನ ಕೈಗೆ ಪ್ರತಿ ಉಸಿರೂ ತಟ್ಟುತ್ತಿತ್ತು.

ಮನೆಗೆ ಬಂದ ಮೇಲೆ ಅತ್ತೆ ಒಂದೇ ಮಾತು ಅಂದರು. "ಇದು ನಿಮ್ಮ ತವರಮನಿ ದಮ್ಮು. ನಿಮ್ಮಪ್ಪಂದು." ನಮ್ಮಪ್ಪ ಉಬ್ಬಸದಿಂದ ನರಳಿದ್ದು ನಿಜ. ನಾನು ಉತ್ತರ ಕೊಡಲಿಲ್ಲ. ಆದರೆ ಆ ಮಾತು ಎದೆಯೊಳಗೆ ಕೂತುಬಿಟ್ಟಿತು.

ಅದೇ ತಿಂಗಳು, ಯಾರೋ ಹೇಳಿದರೆಂದು, ರಕ್ತ ತೆಗೆಯುವ ಒಂದು ಸೆಂಟರಿನಲ್ಲಿ "ಅಲರ್ಜಿ ಪ್ರೊಫೈಲ್" ಮಾಡಿಸಿದೆವು. 4,800 ರೂಪಾಯಿ. ಆರು ದಿನಕ್ಕೆ ನಾಲ್ಕು ಪುಟದ ವರದಿ ಬಂತು. ಶೇಂಗಾ, ತೊಗರಿಬೇಳೆ, ಬದನೆಕಾಯಿ, ಬಾಳೆಹಣ್ಣು, ಗೋದಿ ಎಲ್ಲದರ ಮುಂದೆಯೂ ಸ್ವಲ್ಪ ಸ್ವಲ್ಪ ಅಂಕಿ, ಹಳದಿ ಬಣ್ಣ. ಹುಲ್ಲಿನ ಸಾಲಿನಲ್ಲಿ ಒಂದೇ ಹೆಸರು: ಟಿಮೊಥಿ. ಅದರ ಮುಂದೆ 0.42. ಒಟ್ಟು ಐಜಿಇ, ಅಂದರೆ ಅಲರ್ಜಿ ತರುವ ಪ್ರತಿಕಾಯ (ಆಂಟಿಬಾಡಿ), 840. ವರದಿ ಕೊಟ್ಟವರು "ಇವನ್ನೆಲ್ಲ ಬಿಡಿಸ್ರಿ" ಅಂದರು. ಬಿಡಿಸಿದೆವು. ಶೇಂಗಾಚಟ್ನಿ, ಬೇಳೆಸಾರು, ಎಣಗಾಯಿ ಇಲ್ಲದೆ ನಮ್ಮ ಭಾಗದ ಮಗುವಿಗೆ ಏನು ಉಣಿಸುವುದು? ಮೂರು ತಿಂಗಳಿಗೆ ಎರಡೂವರೆ ಕೆಜಿ ಇಳಿದ. ಸೀನು ಮಾತ್ರ ಇಳಿಯಲಿಲ್ಲ.

ಮಾರ್ಚ್ ಕೊನೆಗೆ ಹುಬ್ಬಳ್ಳಿಯ ಒಬ್ಬ ಅಲರ್ಜಿ ಡಾಕ್ಟರ ಬಳಿ ಹೋದೆವು. ನಸುಕಿನ ನಾಲ್ಕೂವರೆಯ ಬಸ್ಸು. ಟೋಕನ್ 27. ನಮ್ಮ ಸರದಿ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಮೇಡಂ ಆ ನಾಲ್ಕು ಪುಟವನ್ನು ಪಕ್ಕಕ್ಕಿಟ್ಟು, "ಶೇಂಗಾ ತಿಂದಾಗ ಯಾವಾಗಾದ್ರೂ ತುಟಿ ಬಾತಿತ್ತೇನು? ಗಂದೆ ಎದ್ದಿದ್ದುವೇನು? ವಾಂತಿ?" ಎಂದು ಒಂದೊಂದೇ ಕೇಳಿದರು. ಯಾವುದೂ ಆಗಿರಲಿಲ್ಲ. "ಹಂಗಾದ್ರ ಇವತ್ತ ರಾತ್ರಿನ ಶೇಂಗಾಚಟ್ನಿ ಹಚ್ಚಿ ರೊಟ್ಟಿ ಕೊಡ್ರಿ" ಅಂದರು. ರಕ್ತದಲ್ಲಿ ಒಂದು ವಸ್ತುವಿನ ವಿರುದ್ಧ ಪ್ರತಿಕಾಯ ಕಾಣಿಸುವುದು ಬೇರೆ, ಆ ವಸ್ತುವಿನಿಂದ ತೊಂದರೆಯಾಗುವುದು ಬೇರೆ. ತಿಂದು ಏನೂ ಆಗದಿದ್ದವನಿಗೆ ವರದಿ ನೋಡಿ ಊಟ ಬಿಡಿಸಬಾರದು. ಒಟ್ಟು ಐಜಿಇ ಜಂತುಹುಳುವಿದ್ದರೂ ಏರುತ್ತದಂತೆ. ಜಂತಿನ ಮಾತ್ರೆ ಕೊಟ್ಟರು. ಬಸ್ಸಿನಲ್ಲಿ ಬರುವಾಗ ಮಗ "ಅವ್ವ, ಎಣಗಾಯಿನೂ ತಿನ್ನಬಹುದಾ?" ಎಂದು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ.

ಅಂದೇ ಚರ್ಮದ ಪರೀಕ್ಷೆ ಆಗಬೇಕಿತ್ತು. ಆಗಲಿಲ್ಲ. ಸೆಟಿರಿಜಿನ್ ಥರದ ಅಲರ್ಜಿ ಮಾತ್ರೆ ಒಂದು ವಾರ ನಿಲ್ಲಿಸಿ ಬನ್ನಿ ಎಂದು ಫೋನಿನಲ್ಲೇ ಹೇಳಿದ್ದರು, ನಿಲ್ಲಿಸಿದ್ದೆವು. ಆದರೆ ಎರಡು ದಿನ ಮುಂಚೆ ಕೆಮ್ಮಿಗೆಂದು ಮೆಡಿಕಲ್ ಶಾಪಿನ ಸಿರಪ್ ಕೊಟ್ಟಿದ್ದೆ. ಪರೀಕ್ಷೆಯಲ್ಲಿ ಮೊದಲ ಹನಿ ಹಿಸ್ಟಮಿನ್ನಿನದು, ಅಲರ್ಜಿಯಾದಾಗ ಮೈಯೇ ಚೆಲ್ಲುವ, ಕಡಿತ ತರುವ ರಾಸಾಯನಿಕ. ಅದಕ್ಕೆ ಯಾರ ಚರ್ಮವಾದರೂ ಗಾದರಿ ಏಳಲೇಬೇಕು. ಮಗನಿಗೆ ಏಳಲಿಲ್ಲ. ಸಿರಪ್ಪಿನ ಬಾಟಲಿಯ ಫೋಟೋ ತೋರಿಸಿದಾಗ ಅದರಲ್ಲಿ ಕ್ಲೋರ್‌ಫೆನಿರಮಿನ್ ಇರುವುದು ಗೊತ್ತಾಯಿತು. ಅದೂ ಸೆಟಿರಿಜಿನ್ನಿನಂತೆ ಹಿಸ್ಟಮಿನ್ನನ್ನು ತಡೆಯುವ ಔಷಧ. ಒಂದು ದಿನದ ಪಗಾರ, ಇಬ್ಬರ ಬಸ್ ಚಾರ್ಜು, ಎಲ್ಲ ಹೋಯಿತು. ದಯವಿಟ್ಟು ನೆನಪಿಡಿ: ಪರೀಕ್ಷೆಗೆ ಮುಂಚಿನ ಒಂದು ವಾರ ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪು, ಕಡಿತದ ಮಾತ್ರೆ ಯಾವುದನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ. ಮನೆಯಲ್ಲಿರುವ ಎಲ್ಲ ಔಷಧದ ಫೋಟೋ ತೆಗೆದುಕೊಂಡು ಹೋಗಿ. ಉಸಿರಾಟದ ಪಂಪನ್ನು ಮಾತ್ರ ನಿಮ್ಮಷ್ಟಕ್ಕೆ ನೀವು ನಿಲ್ಲಿಸಬೇಡಿ.

ಪಂಪಿನ ಮಾತು ಬಂತು. ಮೇಡಂ ಮೊದಲು ಕೊಟ್ಟದ್ದು ಅದನ್ನೇ, ದಿನಕ್ಕೆ ಎರಡು ಸಲ, ಉದ್ದನೆಯ ಸ್ಪೇಸರ್ ಕೊಳವೆ ಹಚ್ಚಿ. ಓಣಿಯಲ್ಲೆಲ್ಲ "ಪಂಪ್ ಚಟ ಆಗ್ತೈತಿ" ಅಂದರು. ಚಟ ಆಗುವುದಿಲ್ಲ. ದಮ್ಮು ಹತೋಟಿಗೆ ಬರದೆ ಅಲರ್ಜಿ ಇಂಜೆಕ್ಷನ್ ಶುರು ಮಾಡುವಂತೆಯೂ ಇಲ್ಲ.

ಏಪ್ರಿಲ್ ಮಧ್ಯದಲ್ಲಿ ಎರಡನೆಯ ಸಲ ಹೋದೆವು. ಮಗನ ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಎರಡು ಸಾಲು ಅಂಕಿ ಬರೆದರು, 1ರಿಂದ 16. ಪ್ರತಿ ಅಂಕಿಯ ಪಕ್ಕ ಒಂದು ಹನಿ. ಪ್ರತಿ ಹನಿಯ ಮೂಲಕ ಸಣ್ಣ ಮೊನೆಯಿಂದ ಒಮ್ಮೆ ಚುಚ್ಚು, ಬೇರೆ ಹನಿಗೆ ಬೇರೆ ಮೊನೆ. ರಕ್ತ ಬರುವುದಿಲ್ಲ. 15 ನಿಮಿಷ ಕೈ ಅಲುಗಿಸದೆ ಕೂರಬೇಕು, ಕೆರೆದುಕೊಳ್ಳಬಾರದು. ಅವನ ಕೈ ಹಿಡಿದು ಕೂತಿದ್ದೆ. ನಾಲ್ಕನೆಯ ನಿಮಿಷಕ್ಕೆ 7ರ ಪಕ್ಕ ಸೊಳ್ಳೆ ಕಚ್ಚಿದಂತೆ ಎದ್ದಿತು. ಹತ್ತನೆಯ ನಿಮಿಷಕ್ಕೆ ಅಂಚು ಒಡೆದು ಕಾಲು ಚಾಚಿದಂತೆ ಹರಡಿತು, ಸುತ್ತ ಕೆಂಪು. ಮೇಡಂ ಪಾರದರ್ಶಕ ಸ್ಕೇಲು ಇಟ್ಟು ಅಳೆದರು. ಬರೀ ಉಪ್ಪುನೀರು 0. ಹಿಸ್ಟಮಿನ್ 5 ಮಿಲಿಮೀಟರ್. ಟಿಮೊಥಿ 2. ಮನೆಧೂಳಿನ ನುಸಿ 3. ಬಳ್ಳಾರಿ ಜಾಲಿ 0, ಪಾರ್ಥೇನಿಯಂ 0. ಜೋಳ 7. ಏಳನೆಯ ಅಂಕಿ 9 ಮಿಲಿಮೀಟರ್, ಅದರ ಹೆಸರು ಬರ್ಮುಡಾ ಗ್ರಾಸ್. ಉಪ್ಪುನೀರಿಗಿಂತ 3 ಮಿಲಿಮೀಟರ್ ಹೆಚ್ಚಿದ್ದರೆ ಪಾಸಿಟಿವ್ ಎಂದು ಲೆಕ್ಕ.

"ಬರ್ಮುಡಾ ಅಂದ್ರ ಯಾವ ದೇಶದ್ರೀ ಮೇಡಂ?" ಎಂದು ಇವರು ಕೇಳಿದರು.

"ನಿಮ್ಮ ಹೊಲದ ಬದುವಿನ್ಯಾಗ ಇರೋದರೀ. ಕರಕಿ."

ಗರಿಕೆ. ಪ್ರತಿ ಚೌತಿಗೂ ಕಾಲುವೆ ಒಡ್ಡಿನ ಮೇಲೆ ಕೂತು ಗಣಪ್ಪನಿಗೆ 21 ಎಸಳು ಆರಿಸಿ ತರುವವನು ನನ್ನ ಮಗನೇ. ಅದನ್ನು ಕೇಳಿದಾಗ ನನಗಾದದ್ದನ್ನು ಏನೆಂದು ಹೇಳಲಿ. ಅದೇ ಹೊತ್ತಿಗೆ ಒಂದು ಥರ ಸಮಾಧಾನವೂ ಆಯಿತು, ಶತ್ರುವಿಗೆ ಹೆಸರು ಸಿಕ್ಕಂತೆ.

ಮೊದಲ ರಕ್ತಪರೀಕ್ಷೆ ಇದನ್ನು ಯಾಕೆ ಹಿಡಿಯಲಿಲ್ಲ ಎಂಬುದು ಇಲ್ಲಿ ಮುಖ್ಯ. ಟಿಮೊಥಿ ಚಳಿ ದೇಶಗಳ ಹುಲ್ಲು. ಹುಲ್ಲಿನ ಅಲರ್ಜಿಯ ಹಳೆಯ ಸಂಶೋಧನೆ ಬಹಳಷ್ಟು ಆ ದೇಶಗಳಲ್ಲೇ ನಡೆದದ್ದರಿಂದ ಪರೀಕ್ಷೆಗಳಲ್ಲಿ ಅದೇ ಕೂತಿದೆ. ಹುಲ್ಲುಗಳೆಲ್ಲ ಒಂದೇ ಕುಟುಂಬವಾದರೂ ಒಳಗೆ ಉಪಕುಟುಂಬಗಳಿವೆ: ಟಿಮೊಥಿ ಒಂದು ಕಡೆ, ಕರಕಿ ಇನ್ನೊಂದು, ಜೋಳ ಮತ್ತೊಂದು. ಟಿಮೊಥಿಯ ಪರಾಗದಲ್ಲಿ ಐದನೆಯ ಗುಂಪಿನ ಅಲರ್ಜಿ ಪ್ರೋಟೀನ್ ದೊಡ್ಡದು, ಕರಕಿಯಲ್ಲಿ ಅದು ಇಲ್ಲವೇ ಇಲ್ಲ. ಒಂದನೆಯ ಗುಂಪಿನದು ಎಲ್ಲ ಹುಲ್ಲಿನಲ್ಲೂ ಇದೆ, ಆದರೆ ಅಚ್ಚು ಒಂದೇ ಅಲ್ಲ. ಆದ್ದರಿಂದ ನಮ್ಮ ಕಡೆಯವರು ಪರೀಕ್ಷೆ ಮಾಡಿಸುವ ಮೊದಲೇ ಕೇಳಿ: ಪಟ್ಟಿಯಲ್ಲಿ ಬರ್ಮುಡಾ ಇದೆಯೇ, ಜೋಳ ಅಥವಾ ಅದರ ಬಳಗದ ಜಾನ್ಸನ್ ಗ್ರಾಸ್ ಇದೆಯೇ? ಬರೀ ಟಿಮೊಥಿ ಇದ್ದರೆ ಆ ದುಡ್ಡು ಉಳಿಸಿಕೊಳ್ಳಿ. ಖಾತ್ರಿಗೆಂದು ಮೇಡಂ ಕರಕಿ ಮತ್ತು ಜೋಳಕ್ಕೆ ಮಾತ್ರ ರಕ್ತದ ಐಜಿಇ ಮಾಡಿಸಿದರು. 2,600 ರೂಪಾಯಿ. ಕರಕಿ 18.6 ಬಂತು. 0.35 ದಾಟಿದರೇ ಪ್ರತಿಕಾಯ ಇದೆ ಎಂದರ್ಥ.

ಚೌತಿಯ ಬಗ್ಗೆಯೂ ಕೇಳಿದೆ. ಕರಕಿಯ ಪರಾಗ ಇರುವುದು ಹಕ್ಕಿಯ ಪಾದದಂತೆ ನಾಲ್ಕೈದು ಬೆರಳಾಗಿ ಬಿಚ್ಚುವ ಅದರ ಹೂಗೊಂಚಲಿನಲ್ಲಿ. ನಾವು ಗಣಪ್ಪನಿಗೆ ಏರಿಸುವುದು ಹೂ ಬಿಡದ ಎಳೆಯ ಕುಡಿ, ಅದರಲ್ಲಿ ಪರಾಗ ಇರುವುದಿಲ್ಲ. ಆರಿಸಲು ಮಾತ್ರ ಮಗನನ್ನು ಕಳಿಸಬೇಡಿ, ಬೇರೆ ಯಾರಾದರೂ ತಂದು ತೊಳೆದು ಕೊಡಲಿ ಅಂದರು. ಅತ್ತೆಗೆ ಇದೊಂದು ಮಾತು ಬಹಳ ಹಿಡಿಸಿತು.

ಮೇಡಂ ಅಲರ್ಜಿಗೆ ಇಂಜೆಕ್ಷನ್ ಹೇಳಿದ್ದರು, ಆದರೆ ಅದು ಮೂರು ವರ್ಷದ ಮಾತು, ಯೋಚಿಸಿ ಬನ್ನಿ ಎಂದು ಕಳಿಸಿದ್ದರು. ಆ ಮೇ ರಜೆಯಲ್ಲಿ ನಮ್ಮಕ್ಕನ ಮಗಳು ಬಂದಿದ್ದಳು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ತಳಿಶಾಸ್ತ್ರ ಓದುತ್ತಿದ್ದಳು. ಅತ್ತೆ ಪಡಸಾಲೆಯಲ್ಲಿ ಕೌದಿ ಹೊಲಿಯುತ್ತ ಮತ್ತೆ ಅದೇ ಮಾತು ತೆಗೆದರು: "ಇವರಪ್ಪಂದ ಇದು, ರಕ್ತದಾಗ ಬಂದೈತಿ." ಅವಳು ಕೌದಿಯ ಅಂಚು ಹಿಡಿದು ಅತ್ತೆಯ ಪಕ್ಕದಲ್ಲೇ ಕೂತಳು.

"ಅಜ್ಜಿ, ಈ ತುಣುಕು ಯಾರ ಸೀರೀದು?"

"ನಮ್ಮತ್ತೀದು. ಇದು ನನ್ನ ಮದುವಿ ಇಳಕಲ್ಲು. ಇದು ನಿಮ್ಮಜ್ಜನ ಧೋತ್ರ."

"ತುಣುಕು ಹಿರಿಯರವು. ಆದ್ರ ಯಾವುದರ ಬಾಜೂಕ ಯಾವುದು ಹಚ್ಚಬೇಕು ಅಂತ ಯಾರು ಹೇಳಿದ್ರು?"

"ಯಾರು ಹೇಳ್ತಾರ, ಕೈಗೆ ಸಿಕ್ಕಂಗ ಹಚ್ಚೋದು."

ಆಮೇಲೆ ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಬರೆಯುತ್ತೇನೆ. ಪ್ರತಿಕಾಯ ಅಂದರೆ ಆಂಟಿಬಾಡಿ. ಅದರ ದೊಡ್ಡ ಸರಪಳಿಯ ಜೀನು ನಮ್ಮ 14ನೇ ವರ್ಣತಂತುವಿನ ತುದಿಯಲ್ಲಿದೆ. ಆದರೆ ಅಲ್ಲಿ ಇಡೀ ಜೀನು ಇರುವುದಿಲ್ಲ, ತುಣುಕುಗಳ ಗಂಟು ಇರುತ್ತದೆ: ವಿ ಎಂಬ ತುಣುಕು ಸುಮಾರು 40, ಡಿ ಎಂಬುದು 20ರ ಮೇಲೆ, ಜೆ ಎಂಬುದು 6. ಪ್ರತಿಕಾಯ ತಯಾರಿಸುವ ರಕ್ತದ ಬಿ ಕೋಶ ಹುಟ್ಟುವಾಗ ಒಂದು ವಿ, ಒಂದು ಡಿ, ಒಂದು ಜೆ ಕತ್ತರಿಸಿ ಕೂಡಿಸುತ್ತದೆ. ಹೊಲಿಗೆ ಬೀಳುವ ಕಡೆ ನಾಲ್ಕಾರು ಅಕ್ಷರ ತಾನೇ ಸೇರಿಸುತ್ತದೆ, ನಾಲ್ಕಾರು ಬಿಡುತ್ತದೆ. ಸಣ್ಣ ಸರಪಳಿಯನ್ನೂ ಹೀಗೇ ಬೇರೆ ವರ್ಣತಂತುವಿನ ತುಣುಕುಗಳಿಂದ ಮಾಡಿಕೊಳ್ಳುತ್ತದೆ. ಹಾಗಾಗಿ ಒಂದು ಕೋಶದ ಕೌದಿ ಇನ್ನೊಂದರಂತೆ ಇರುವುದಿಲ್ಲ. ಮನುಷ್ಯನಿಗೆ ಇರುವ ಜೀನುಗಳು 20 ಸಾವಿರದ ಆಸುಪಾಸು, ಪ್ರತಿಕಾಯಗಳ ಬಗೆ ಕೋಟಿಗಟ್ಟಲೆ, ಇದು ಹೇಗೆ ಎಂಬ ಗಂಟನ್ನು ಬಿಚ್ಚಿದ್ದು ಜಪಾನಿನ ಸುಸುಮು ಟೊನೆಗಾವಾ. ಅದಕ್ಕೇ ಅವರಿಗೆ 1987ರ ನೊಬೆಲ್ ಬಂತು. ಮಗನ ಮೈಯಲ್ಲಿ ಕರಕಿಯ ಪರಾಗವನ್ನು ಗುರುತು ಹಿಡಿಯುವ ಪ್ರತಿಕಾಯ ಅವನು ಹುಟ್ಟಿದ ಮೇಲೆ ಅವನ ಮೈಯಲ್ಲೇ ಹೊಲಿದದ್ದು. ನಮ್ಮಪ್ಪನಿಂದ ಬಂದದ್ದಲ್ಲ, ನನ್ನಿಂದಲೂ ಅಲ್ಲ.

"ಹಂಗಾದ್ರ ವಂಶದಾಗ ಏನೂ ಬರೂದಿಲ್ಲೇನು?" ಅತ್ತೆ ಬಿಡಲಿಲ್ಲ.

ಬರುತ್ತದೆ. ಬರುವುದು ಒಲವು. 5ನೇ ವರ್ಣತಂತುವಿನಲ್ಲಿ ಐಎಲ್-4, ಐಎಲ್-13 ಎಂಬ ಸಂದೇಶ ಪ್ರೋಟೀನುಗಳ ಜೀನುಗಳಿವೆ. 6ರಲ್ಲಿ ಎಚ್‌ಎಲ್‌ಎ ಜೀನುಗಳು, ಯಾವ ಹೊರಗಿನ ತುಣುಕನ್ನು ರೋಗನಿರೋಧಕ ಕೋಶಗಳಿಗೆ ತೋರಿಸಬೇಕು ಎಂದು ಆರಿಸುವಂಥವು. 1ರಲ್ಲಿ ಚರ್ಮದ ಬಿಗುವಿಗೆ ಬೇಕಾದ ಫಿಲಗ್ರಿನ್ನಿನ ಜೀನು. ಇಂಥ ಎಷ್ಟೋ ಜಾಗದ ಸಣ್ಣ ಸಣ್ಣ ವ್ಯತ್ಯಾಸಗಳು ಕೂಡಿ ಅಲರ್ಜಿಯ ಕಡೆ ವಾಲುವ ಮೈ ಆಗುತ್ತದೆ. ಆ ವ್ಯತ್ಯಾಸಗಳು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬನಿಗೆ ಅಲರ್ಜಿ ಇದ್ದು ಇನ್ನೊಬ್ಬನಿಗೆ ಇಲ್ಲದಿರುವುದುಂಟು. "ಕಾಕಾಗ ಸಣ್ಣಾಂವಿದ್ದಾಗ ಏನಾರ ಇತ್ತೇನಜ್ಜಿ? ಇಸುಬು, ಕಡಿತ?" ಎಂದು ನನ್ನ ಗಂಡನ ಬಗ್ಗೆ ಕೇಳಿದಳು.

ಅತ್ತೆಯ ಸೂಜಿ ನಿಂತಿತು. ಸುಮಾರು ಹೊತ್ತು ಸುಮ್ಮನಿದ್ದರು. "ಇತ್ತು. ಮೊಣಕೈ ಮಡಚಿನ್ಯಾಗ, ಮೊಣಕಾಲ ಹಿಂದ. ಐದು ವರ್ಷದ ತನಕ ಇತ್ತು. ರಾತ್ರಿಯೆಲ್ಲ ಕೆರಕೊಂಡು ಅಳತಿದ್ದ. ಬೇವಿನ ನೀರು ಹಾಕಿ ಹಾಕಿ ನನ್ನ ಕೈ ಸುಲಿದಿದ್ವು." ಅಷ್ಟು ಹೇಳಿ ನನ್ನ ಕಡೆ ನೋಡಿದರು. ಅಂದಿನಿಂದ ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಇಂಜೆಕ್ಷನ್ ಏನು ಮಾಡುತ್ತದೆ ಎಂಬುದನ್ನೂ ಅವಳು ಅದೇ ಕೌದಿಯನ್ನು ತಿರುವಿ ತೋರಿಸಿದಳು. ಮೇಲಿನ ಚಿತ್ತಾರ ಹಾಗೇ ಇಟ್ಟುಕೊಂಡು ಕೆಳಗಿನ ಅಸ್ತರನ್ನಷ್ಟೇ ಬದಲಿಸಬಹುದು. ಪ್ರತಿಕಾಯದಲ್ಲೂ ಗುರುತು ಹಿಡಿಯುವ ಭಾಗ ಚಿತ್ತಾರ, ಗುರುತು ಹಿಡಿದ ಮೇಲೆ ಏನು ಮಾಡಬೇಕು ಎಂದು ತೀರ್ಮಾನಿಸುವುದು ಅಸ್ತರು. 14ನೇ ವರ್ಣತಂತುವಿನಲ್ಲಿ ಅಸ್ತರುಗಳು 9, ಸಾಲಾಗಿ ಇವೆ. ಏಳನೆಯದು ಐಜಿಜಿ-4, ಅದರ ಮಗ್ಗುಲಲ್ಲೇ ಎಂಟನೆಯದು ಐಜಿಇ. ಕೋಶ ಮುಂದಿನ ಅಸ್ತರಿಗೆ ಹೋಗಬೇಕೆಂದರೆ ನಡುವಿನದನ್ನೆಲ್ಲ ಕತ್ತರಿಸಿ ಎಸೆಯಬೇಕು. ಐಜಿಇ ಅಸ್ತರು ಹಚ್ಚಿಕೊಂಡ ಕೋಶದಲ್ಲಿ ಐಜಿಜಿ-4ರ ಬಟ್ಟೆಯೇ ಉಳಿದಿರುವುದಿಲ್ಲ, ಅದು ಹಿಂದಕ್ಕೆ ಬರಲಾರದು. ಐಜಿಇ ರಕ್ತದಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಪ್ರತಿಕಾಯ, ಎರಡು ದಿನದಲ್ಲಿ ಅದರ ಅರ್ಧ ಕರಗಿಹೋಗುತ್ತದೆ. ಆದರೆ ಮೂಗು, ಕಣ್ಣು, ಶ್ವಾಸನಾಳದ ಮಾಸ್ಟ್ ಕೋಶಗಳ ಮೇಲೆ ಹತ್ತಿ ಕೂತರೆ ವಾರಗಟ್ಟಲೆ ಇಳಿಯುವುದಿಲ್ಲ. ಪರಾಗ ಬಂದು ತಾಗಿದರೆ ಆ ಕೋಶ ಹಿಸ್ಟಮಿನ್ ಚೆಲ್ಲುತ್ತದೆ, ಸೀನು ಶುರು. ಇಷ್ಟು ಕಡಿಮೆ ಇದ್ದದ್ದರಿಂದಲೇ ಇದು 1966ರವರೆಗೆ ಯಾರ ಕೈಗೂ ಸಿಕ್ಕಿರಲಿಲ್ಲ. ಇಶಿಝಾಕಾ ಎಂಬ ವಿಜ್ಞಾನಿ ದಂಪತಿ ಅಮೆರಿಕದಲ್ಲಿ ತಮ್ಮ ಚರ್ಮದ ಮೇಲೇ ಪ್ರಯೋಗ ಮಾಡಿಕೊಂಡು ಅದನ್ನು ಗುರುತಿಸಿದರು. ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ದಾರಿಯಿಂದ ಅದನ್ನೇ ಮುಟ್ಟಿದರು. 1968ರಲ್ಲಿ ಐಜಿಇ ಎಂದು ಹೆಸರಾಯಿತು.

ಇಂಜೆಕ್ಷನ್ನಿನಲ್ಲಿರುವುದು ಕರಕಿ ಮತ್ತು ಜೋಳದ ಪರಾಗದ ಸಾರವೇ, ಮೊದಲು ಅತಿ ತೆಳು, ವಾರವಾರಕ್ಕೂ ಸ್ವಲ್ಪ ಹೆಚ್ಚು. ಹೀಗೆ ಮತ್ತೆ ಮತ್ತೆ ಚರ್ಮದ ಕೆಳಗೆ ಕೊಟ್ಟಾಗ ಹೊಸ ಕೋಶಗಳು ಐಜಿಜಿ-4ರ ಅಸ್ತರು ಹಿಡಿಯುತ್ತವೆ. ಆ ಪ್ರತಿಕಾಯಗಳು ಪರಾಗದ ಪ್ರೋಟೀನನ್ನು ಐಜಿಇಗೆ ಸಿಗುವ ಮೊದಲೇ ಅಪ್ಪಿಕೊಳ್ಳುತ್ತವೆ. ಜೀನು ಬದಲಾಗುವುದಿಲ್ಲ, ಕಾವಲುಗಾರರು ಹೆಚ್ಚುತ್ತಾರೆ. ಹೊಸ ಔಷಧವೂ ಅಲ್ಲ. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲೇ ಹುಲ್ಲಿನ ಪರಾಗದ ಇಂಜೆಕ್ಷನ್ ಕೊಟ್ಟು ಬರೆದಿದ್ದರು. ಇದು ಗೊತ್ತಾದ ಮೇಲೆ ಇವರೂ ಒಪ್ಪಿದರು.

ಮೊದಲ ಸೆಟ್ ಮೂರು ವಯಲ್ (ಔಷಧದ ಸಣ್ಣ ಶೀಸೆ), 7,500 ರೂಪಾಯಿ. ವಾರವಾರ ಹುಬ್ಬಳ್ಳಿಗೆ ಹೋಗಲಾಗುವುದಿಲ್ಲ. ಮೊದಲ ಎರಡು ಡೋಸು ಅಲ್ಲೇ ಕೊಟ್ಟು, ಉಳಿದದ್ದನ್ನು ಊರಲ್ಲಿ ಹಾಕಿಸಿ ಎಂದು ಪತ್ರ ಕೊಟ್ಟರು. ಊರಲ್ಲಿ ಎರಡು ಕ್ಲಿನಿಕ್ಕಿನವರು ಒಲ್ಲೆ ಅಂದರು. ಅವರನ್ನು ನಾನು ದೂರುವುದಿಲ್ಲ. ಲಕ್ಷಕ್ಕೊಬ್ಬರಿಗಾದರೂ ಜೀವಕ್ಕೆ ಅಪಾಯವಾಗುವ ರಿಯಾಕ್ಷನ್ ಬರಬಹುದು ಎಂಬ ಹೆದರಿಕೆ ಅವರದು. ಮೂರನೆಯವರು ಮಕ್ಕಳ ಡಾಕ್ಟರು. ಅಂಥ ರಿಯಾಕ್ಷನ್ನಿಗೆ ಚುಚ್ಚುವ ಅಡ್ರೆನಲಿನ್, ಆಕ್ಸಿಜನ್, ನೆಬ್ಯುಲೈಸರ್ ಮೂರೂ ಅವರ ಹತ್ತಿರ ಇದ್ದವು, ಮೇಡಂ ಜೊತೆ ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡರು. ಈ ಮೂರು ಇಲ್ಲದ ಕಡೆ, ಮನೆಯಲ್ಲಿ, ಮೆಡಿಕಲ್ ಶಾಪಿನಲ್ಲಿ ಈ ಇಂಜೆಕ್ಷನ್ ಎಂದಿಗೂ ಹಾಕಿಸಬೇಡಿ.

ವಯಲ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ನಮ್ಮ ಮೇ ತಿಂಗಳು ಗೊತ್ತಲ್ಲ. ಹುಬ್ಬಳ್ಳಿಯಿಂದ ಬರುವಾಗ ಅಗಲ ಬಾಯಿಯ ಥರ್ಮಾಸಿನೊಳಗೆ ಜೆಲ್ ಪ್ಯಾಕು, ಅದರ ಮೇಲೆ ಟವೆಲ್ಲು, ಟವೆಲ್ಲಿನೊಳಗೆ ವಯಲ್. ಐಸಿಗೆ ನೇರವಾಗಿ ತಾಗಿಸಬಾರದು. ಮನೆಯಲ್ಲಿ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಡಬ್ಬಿಯೊಳಗೆ. ಎರಡನೆಯ ವರ್ಷ ಯಾರೋ ತರಕಾರಿ ಇಡುವಾಗ ಡಬ್ಬಿಯನ್ನು ಹಿಂದಕ್ಕೆ ಸರಿಸಿ, ವಯಲ್ ಫ್ರೀಜರಿನ ಗೋಡೆಗೆ ತಾಗಿ ಹೆಪ್ಪುಗಟ್ಟಿತು. 3,200 ರೂಪಾಯಿಯ ವಯಲ್ ಬಿಸಾಡಬೇಕಾಯಿತು.

ಮಂಗಳವಾರ ಸಂಜೆ ಐದೂವರೆಗೆ ನಮ್ಮ ಹೊತ್ತು. ಸೂಜಿ ಒಂದು ನಿಮಿಷ, ಕಾಯುವುದು ಮೂವತ್ತು ನಿಮಿಷ. ಏನೂ ಆಗಿಲ್ಲವಲ್ಲ ಎಂದು ಹತ್ತು ನಿಮಿಷಕ್ಕೆ ಎದ್ದು ಹೊರಡುವ ಮನಸ್ಸಾಗುತ್ತದೆ. ಹೊರಡಬೇಡಿ. ಹನ್ನೊಂದನೆಯ ವಾರ ಮಗನಿಗೆ ಹಿಂದಿನ ರಾತ್ರಿ ಕೆಮ್ಮಿತ್ತು. ವಾರ ತಪ್ಪಿದರೆ ಡೋಸು ಹಿಂದಕ್ಕೆ ಹೋಗುತ್ತದೆಂದು ನಾನು ಡಾಕ್ಟರಿಗೆ ಹೇಳಲಿಲ್ಲ. ಹನ್ನೆರಡನೆಯ ನಿಮಿಷಕ್ಕೆ "ಅವ್ವ, ಗಂಟಲಾಗ ಕಡಿತೈತಿ" ಅಂದ. ನೋಡುನೋಡುತ್ತಿದ್ದಂತೆ ಕುತ್ತಿಗೆಯ ಮೇಲೆ ಗಂದೆ, ಕೆಮ್ಮು, ಸಿಳ್ಳೆ. ಡಾಕ್ಟರು ಓಡಿಬಂದು ತೊಡೆಗೆ ಅಡ್ರೆನಲಿನ್ ಚುಚ್ಚಿದರು. ಐದಾರು ನಿಮಿಷದಲ್ಲಿ ಉಸಿರು ಸಲೀಸಾಯಿತು. ರಾತ್ರಿಯವರೆಗೆ ಅಲ್ಲೇ ಇರಿಸಿಕೊಂಡರು. ನಾನು ಕೆಮ್ಮಿನ ವಿಷಯ ಹೇಳಿದ್ದರೆ ಅಂದು ಸೂಜಿಯನ್ನೇ ಹಾಕುತ್ತಿರಲಿಲ್ಲ. ಡೋಸು ನಾಲ್ಕು ವಾರ ಹಿಂದಕ್ಕೆ ಹೋಯಿತು, ಅಷ್ಟೇ. ಹೇಳದೆ ಇದ್ದದ್ದಕ್ಕೆ ಕಳೆದುಕೊಳ್ಳಬಹುದಾಗಿದ್ದದ್ದು ಏನೆಂದು ನೆನೆದರೆ ಇಂದಿಗೂ ಕೈ ತಣ್ಣಗಾಗುತ್ತದೆ. ಜ್ವರ, ಕೆಮ್ಮು, ದಮ್ಮು ಏನಿದ್ದರೂ ಸೂಜಿಗೆ ಮೊದಲೇ ಹೇಳಿ.

22 ವಾರದ ಮೇಲೆ ತಿಂಗಳಿಗೊಂದಾಯಿತು. ಏಳನೆಯ ತಿಂಗಳಲ್ಲಿ ನಾನೇ ಇನ್ನೊಂದು ಎಡವಟ್ಟು ಮಾಡಿದೆ. ಗುಣ ಎಷ್ಟಾಗಿದೆ ನೋಡೋಣವೆಂದು ಯಾರನ್ನೂ ಕೇಳದೆ 1,400 ರೂಪಾಯಿ ಕೊಟ್ಟು ಕರಕಿಯ ಐಜಿಇ ಮಾಡಿಸಿದೆ. 18.6 ಇದ್ದದ್ದು 27 ಆಗಿತ್ತು. ಎರಡು ರಾತ್ರಿ ನಿದ್ದೆ ಇಲ್ಲ. ಮೇಡಂ ಫೋನಿನಲ್ಲಿ ಶಾಂತವಾಗಿ ಹೇಳಿದರು: ಮೊದಮೊದಲು ಐಜಿಇ ಏರುವುದು ಸಹಜ, ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ. ಐಜಿಜಿ-4 ಅದಕ್ಕಿಂತ ಎಷ್ಟೋ ಪಟ್ಟು ಏರಿರುತ್ತದೆ. ರಕ್ತದ ಅಂಕಿಯಿಂದ ಗುಣ ಅಳೆಯುವುದಿಲ್ಲ, ಮಗು ಹೇಗಿದೆ ಎಂಬುದರಿಂದ ಅಳೆಯುತ್ತೇವೆ. "ಈ ಚೌತಿಗೆ ಎಷ್ಟು ದಿನ ಶಾಲಿ ತಪ್ಪಿಸ್ಯಾನ?" ಎಂದು ಕೇಳಿದರು. ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷ 19 ದಿನ. ಆ ವರ್ಷ 8. ಮುಂದಿನ ವರ್ಷ 3, ಅದರ ಮುಂದೆ ಒಂದೂ ಇಲ್ಲ. ಪಂಪು ಈಗ ದಿನಾ ಬೇಡ, ಚೀಲದಲ್ಲಿ ಮಾತ್ರ ಇರುತ್ತದೆ. ಮೂಗಿನ ಸ್ಪ್ರೇ ಜೋಳ ಹೂವಾಡುವ ಒಂದೂವರೆ ತಿಂಗಳು ಬೇಕಾಗುತ್ತದೆ.

ಒಟ್ಟು ಖರ್ಚು 68,000ದ ಆಸುಪಾಸು. ಅದರಲ್ಲಿ ವಯಲ್‌ಗಳದ್ದೇ 36 ಸಾವಿರ, ಉಳಿದದ್ದು ಪರೀಕ್ಷೆ, ಸೂಜಿಯ ಫೀಸು, ಹುಬ್ಬಳ್ಳಿಯ 14 ಓಡಾಟ. ಆಸ್ಪತ್ರೆಯಲ್ಲಿ ಮಲಗದ ಚಿಕಿತ್ಸೆ ಎಂದು ನಮ್ಮ ವಿಮೆಯಲ್ಲಿ ಒಂದು ಪೈಸೆಯೂ ಬರಲಿಲ್ಲ. ಒಂದೇ ಸಲ ಕೊಡಬೇಕಾಗಿಲ್ಲವೆಂಬುದೇ ಆಸರೆ, ನಾನು ತಿಂಗಳಿಗೆ ಎರಡು ಸಾವಿರ ಬೇರೆ ಡಬ್ಬಿಗೆ ಹಾಕುತ್ತ ಬಂದೆ.

ಕೊನೆಯ ಸೂಜಿಯ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಮೂವತ್ತು ನಿಮಿಷ ಮೊಮ್ಮಗನ ಪಕ್ಕ ಕೂತು ಅವನ ತೋಳನ್ನೇ ನೋಡುತ್ತಿದ್ದರು. ಹೊರಡುವಾಗ ಡಾಕ್ಟರನ್ನು ಕೇಳಿದರು: "ಸಣ್ಣಾಕಿ ಅದಾಳ್ರೀ, ನಾಕು ವರ್ಷದಾಕಿ. ಆಕೀಗೂ ಈಗ ಪರೀಕ್ಷಾ ಮಾಡಿಸಿಬಿಡೂಣೇನ್ರಿ? ಎರಡೂ ಮನಿ ಕಡೆ ಐತಲ್ರೀ." ಎರಡೂ ಮನಿ ಕಡೆ ಎಂದು ಅವರ ಬಾಯಿಂದ ಕೇಳಿ ನಾನು ಆ ಕಡೆ ತಿರುಗಿ ಚಪ್ಪಲಿ ಹಾಕಿಕೊಂಡೆ.

"ಸೀನತಾಳೇನವ್ವ? ಕೆಮ್ಮು, ಕಡಿತ?"

"ಏನೂ ಇಲ್ರಿ."

"ಹಂಗಾದ್ರ ಯಾವ ಪರೀಕ್ಷಾನೂ ಬ್ಯಾಡ. ಆಡಾಕ ಬಿಡ್ರಿ."